ತಗ್ಗಿನ ಮನೆಯ ಅಕ್ಕ

ಸಹನಾ, ಶರಣು, ಇಬ್ಬರಿಗೂ,

ಹೋದ ಸಲ ನೀವು ಗಂಗಾವತಿಯಿಂದ ಬಂದಾಗ ನಮ್ಮ ಓಣಿಯ ಕೊನೆಯ ಮನೆಗೆ ಬೀಗ ಹಾಕಿದ್ದನ್ನು ನೋಡಿ, ತಂತಿ ಅಜ್ಜಿ ಎಲ್ಲಿ ಎಂದು ಕೇಳಿದಿರಿ. ತೀರಿಕೊಂಡಳು ಎಂದಷ್ಟೇ ಹೇಳಿ ನಾನು ಅಡುಗೆಮನೆಗೆ ಹೋದೆ. ನನ್ನ ಸ್ವಭಾವ ನಿಮಗೆ ಗೊತ್ತಿದೆ. ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ. ಕೆಲವು ಮಾತು ಮೊಮ್ಮಕ್ಕಳ ಮುಂದೆಯೂ ಬರುವುದಿಲ್ಲ. ಯಲಬುರ್ಗಾ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಮಾಸ್ತರರು ಬರೆಯುವುದನ್ನು ಚೆನ್ನಾಗಿ ಕಲಿಸಿದ್ದರು, ಹಾಗಾಗಿ ಬರೆದು ಹೇಳುತ್ತಿದ್ದೇನೆ. ಆಕೆಯ ಹೆಸರು ಬರೆಯುವುದಿಲ್ಲ. ಮಗಳಿದ್ದಾಳೆ, ಮೊಮ್ಮಗಳಿದ್ದಾಳೆ, ಬೀಗರಿದ್ದಾರೆ, ಅವರಿಗೆ ನೋವಾಗಬಾರದು. ಅಕ್ಕ ಎಂದು ಕರೆಯುತ್ತಿದ್ದೆ. ಇಲ್ಲಿಯೂ ಅಕ್ಕ ಎಂದೇ ಬರೆಯುತ್ತೇನೆ.

ನೀವು ಆಕೆಗೆ ತಂತಿ ಅಜ್ಜಿ ಎಂದು ಹೆಸರಿಟ್ಟದ್ದು ಸುಳ್ಳಲ್ಲ. ತುದಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿದ ಉದ್ದನೆಯ ತಂತಿಯೊಂದು ಯಾವಾಗಲೂ ಆಕೆಯ ಕೈಯಲ್ಲಿರುತ್ತಿತ್ತು, ಇಲ್ಲವೆ ಬಚ್ಚಲ ಬಾಗಿಲಿಗೆ ನೇತಾಡುತ್ತಿತ್ತು. ಬಚ್ಚಲ ತೂಬಿನೊಳಗೆ ಅದನ್ನು ಬಿಟ್ಟು ತಿರುವಿ ತಿರುವಿ ಎಳೆಯುತ್ತಿದ್ದಳು. ಆಮೇಲೆ ಒಂದು ತಂಬಿಗೆ ನೀರು ಹಾಕಿ, ಕತ್ತು ಓರೆ ಮಾಡಿ ಕಿವಿಗೊಡುತ್ತಿದ್ದಳು. ನೀರು ಸರಾಗವಾಗಿ ಇಳಿದರೆ ಮುಖ ಅರಳುತ್ತಿತ್ತು. ಒಳಗಿನಿಂದ ಗುಳುಗುಳು ಸಪ್ಪಳ ಬಂದರೆ ಸುಮ್ಮನೆ ಮತ್ತೆ ತಂತಿ ಹಿಡಿಯುತ್ತಿದ್ದಳು. ಯಾರ ಮನೆಗೆ ಹೋದರೂ, ಮದುವೆ ಮನೆಯೇ ಆಗಲಿ ಸತ್ತ ಮನೆಯೇ ಆಗಲಿ, ಕೈಕಾಲು ತೊಳೆಯುವ ನೆಪ ಮಾಡಿಕೊಂಡು ಮೊದಲು ಬಚ್ಚಲು ನೋಡಿ ಬರುತ್ತಿದ್ದಳು. ಆ ಮನೆಯವರ ಅಡುಗೆ ಮರೆಯುತ್ತಿದ್ದಳು, ಆದರೆ ಅವರ ಬಚ್ಚಲು ಯಾವ ದಿಕ್ಕಿಗೆ ಇಳಿಜಾರು ಎಂಬುದನ್ನು ಮರೆಯುತ್ತಿರಲಿಲ್ಲ.

ನಾನು ಮದುವೆಯಾಗಿ ಭಾಗ್ಯನಗರಕ್ಕೆ ಬಂದಾಗ ಓಣಿಯಲ್ಲಿ ನನ್ನನ್ನು ಮೊದಲು ಮಾತನಾಡಿಸಿದವಳು ಆಕೆಯೇ. ಕೇಳಿದ್ದಕ್ಕೆಲ್ಲ ನಾನು ತಲೆ ಅಲ್ಲಾಡಿಸುತ್ತಿದ್ದೆ. ಒಂದು ವಾರ ನೋಡಿ ಒಂದು ದಿನ ಅಂದಳು:

"ಏನವಾ ತಂಗಿ, ನಿನ್ನ ಬಾಯಾಗೂ ಕೂದಲಾ ಸಿಕ್ಕಾವೇನು? ತಂತಿ ತರಲೇನು?"

ನಾನು ಸೆರಗು ಬಾಯಿಗೆ ಹಿಡಿದು ನಕ್ಕೆ. ಅಂದಿನಿಂದ ಆಕೆಯ ಹತ್ತಿರ ಮಾತ್ರ ಮಾತನಾಡುವುದಕ್ಕೆ ಕಲಿತೆ.

ಕೂದಲಿನ ಮಾತು ಯಾಕೆ ಬಂತೆಂದರೆ ನಮ್ಮ ಓಣಿಯ ಹೊಟ್ಟೆ ತುಂಬಿಸಿದ್ದೇ ಕೂದಲು. ಊರೂರು ತಿರುಗುವವರು ಹೆಂಗಸರು ಬಾಚಿ ಸುತ್ತಿಟ್ಟ ಕೂದಲಿನ ಉಂಡೆಗಳನ್ನು ಪಾತ್ರೆ, ಪಿನ್ನು ಕೊಟ್ಟು ಒಯ್ಯುತ್ತಾರಲ್ಲ, ಅವೆಲ್ಲ ಚೀಲಗಟ್ಟಲೆ ಇಲ್ಲಿಗೆ ಬರುತ್ತಿದ್ದವು. ವ್ಯಾಪಾರಿಗಳು ಮನೆಮನೆಗೆ ಕೊಡುತ್ತಿದ್ದರು. ನಾವು ಬಾಗಿಲಲ್ಲಿ ಕುಳಿತು ಸಿಕ್ಕು ಬಿಡಿಸಿ, ಉದ್ದದ್ದು ಬೇರೆ ಗಿಡ್ಡದ್ದು ಬೇರೆ ಮಾಡಿ, ಬಚ್ಚಲಲ್ಲಿ ತೊಳೆದು, ಮಾಳಿಗೆಯ ಮೇಲೆ ಒಣಗಿಸಿ ಕೊಡುತ್ತಿದ್ದೆವು. ಅನ್ನದಲ್ಲಿ ಕೂದಲು, ಹಾಸಿಗೆಯಲ್ಲಿ ಕೂದಲು, ಮಕ್ಕಳ ಬಾಯಲ್ಲಿ ಕೂದಲು. ತೊಳೆಯುವಾಗ ಎಷ್ಟು ಎಚ್ಚರ ವಹಿಸಿದರೂ ಎಳೆ ಎಳೆಯಾಗಿ ತೂಬಿನೊಳಗೆ ಹೋಗೇ ಹೋಗುತ್ತಿದ್ದವು. ಅಕ್ಕನ ಗಂಡ ಮಗಳು ಸಣ್ಣವಳಿರುವಾಗಲೇ ತೀರಿಕೊಂಡಿದ್ದ. ಈ ಕೂದಲು ಬಿಡಿಸಿಯೇ ಆಕೆ ಮಗಳನ್ನು ಓದಿಸಿದಳು, ಕುಷ್ಟಗಿ ಕಡೆಯ ಒಂದು ಹಳ್ಳಿಗೆ ಕೊಟ್ಟು ಮದುವೆ ಮಾಡಿದಳು.

ಆಕೆಗೆ ಇದ್ದದ್ದು ಒಂದೇ ಆಸೆ. ಮಗಳ ಚೊಚ್ಚಲ ಬಾಣಂತನ ತನ್ನ ಮನೆಯಲ್ಲಿ ಆಗಬೇಕು, ತಾನೇ ಎಣ್ಣೆ ತಿಕ್ಕಿ ಹಂಡೆಗಟ್ಟಲೆ ಬಿಸಿನೀರು ಎರೆಯಬೇಕು. ಇದೇನು ದೊಡ್ಡ ಆಸೆ ಎಂದು ನಿಮಗೆ ಅನ್ನಿಸಬಹುದು. ನಮ್ಮ ಕಡೆ ತಾಯಿಯಾದವಳು ಮಗಳಿಗೆ ಕೊಡುವುದು ಇದೊಂದೇ. ಆ ನೀರು ಮೈಗೆ ಬಿದ್ದರೆ ಸೊಂಟ ಗಟ್ಟಿಯಾಗುತ್ತದೆ ಎನ್ನುತ್ತಾರೆ. ನನ್ನ ತಾಯಿ ನನಗೆ ಎರೆದದ್ದನ್ನು ನಾನು ಇನ್ನೂ ಬೆನ್ನಿನಲ್ಲಿ ನೆನಪಿಟ್ಟುಕೊಂಡಿದ್ದೇನೆ.

ಮಗಳಿಗೆ ಬಹಳ ವರ್ಷ ಮಕ್ಕಳಾಗಲಿಲ್ಲ. ಕೊನೆಗೆ ಬಸುರಾದಳೆಂಬ ಸುದ್ದಿ ಬಂದ ದಿನ ಅಕ್ಕ ನಮ್ಮ ಮನೆಗೆ ಓಡಿ ಬಂದು, ಸಕ್ಕರೆ ಕೊಡುವುದಕ್ಕೂ ಮೊದಲು, ಬೇವಿನ ಕಟ್ಟಿಗೆ ಈಗಲೇ ಒಡೆಸಿ ಇಡುತ್ತೇನೆ ಎಂದಳು. ಏಳು ತಿಂಗಳಿಗೆ ಕುಬುಸದ ಕಾರ್ಯ ಇಟ್ಟುಕೊಂಡಳು. ಬೀಗರು ಬಂದರು, ಮಗಳಿಗೆ ಹಸಿರು ಸೀರೆ ಉಡಿಸಿ ಆರತಿ ಮಾಡಿದೆವು, ಊಟವಾಯಿತು. ಬೀಗತಿ ಕೈ ತೊಳೆಯಲು ಬಚ್ಚಲಿಗೆ ಹೋದರು. ಅವರು ಎರಡು ಚೊಂಬು ನೀರು ಹಾಕಿರಬೇಕು, ತೂಬಿನಿಂದ ಕಪ್ಪು ನೀರು ಮೇಲೆ ಬಂತು. ಕೂದಲು, ಸೋಪಿನ ಕೆನೆ, ಪಾತ್ರೆ ತಿಕ್ಕಿದ ಬೂದಿ, ಅನ್ನದ ಅಗುಳು ಎಲ್ಲ ತೇಲುತ್ತ ಅವರ ಪಾದ ಮುಟ್ಟಿತು.

ಅವರು ಜೋರು ಮಾತಾಡಲಿಲ್ಲ. ಹೊರಗೆ ಬಂದು ನಿಂತು ಕೇಳಿದರು: "ಬಾಣಂತಿ ಎರಕೊಂಡ ನೀರು ಎಲ್ಲಿಗೆ ಹೋಗಬೇಕ್ರಿ ಇಲ್ಲಿ?"

ಅಕ್ಕ ಗಾಬರಿಯಾಗಿ, ಸರಿ ಮಾಡಿಸುತ್ತೇನೆ, ದಿನ ತುಂಬುವುದರೊಳಗೆ ಮಾಡಿಸುತ್ತೇನೆ ಎಂದಳು. ಮಾಡಿಸಿದರೆ ತಾವೇ ಒಮ್ಮೆ ಬಂದು ನೋಡಿ ಕಳಿಸುತ್ತೇವೆ ಎಂದು ಬೀಗತಿ ಹೇಳಿ ಹೋದರು. ಮಗಳು ತಲೆ ತಗ್ಗಿಸಿ ಅವರ ಹಿಂದೆ ಹೋದಳು.

ಅಲ್ಲಿಂದ ಅಕ್ಕನ ಒದ್ದಾಟ ಶುರುವಾಯಿತು. ಮೊದಲು ಕೂದಲಿನ ಕೆಲಸ ಬಿಟ್ಟಳು. ಚೀಲ ತಂದ ವ್ಯಾಪಾರಿಯನ್ನು ಬಾಗಿಲಿನಿಂದಲೇ ಕಳಿಸಿ, ಅದರ ಬದಲು ಯಾರದೋ ಮನೆಯಲ್ಲಿ ರೊಟ್ಟಿ ಬಡಿಯಲು ಹೋದಳು. ಅಂಗಡಿಯ ಪುಡಿ ತಂದು ಸುರಿದಳು, ಕುದಿಯುವ ನೀರು ಸುರಿದಳು. ಒಲೆಯ ಬೂದಿ ಬಿಟ್ಟು ಸೋಪಿನಿಂದ ಪಾತ್ರೆ ತೊಳೆದಳು. ತೂಬಿಗೆ ಜಾಳಿಗೆ ಹಾಕಿಸಿದಳು. ಚಹಾ ಸೋಸಿದ ಪುಡಿ ಬಚ್ಚಲಿಗೆ ಹಾಕಿದ್ದಕ್ಕೆ ನನಗೂ ಬೈದಳು, ನಮ್ಮ ಮನೆಯ ಬಚ್ಚಲಲ್ಲಿ ನಾನು ಹಾಕಿದ್ದಕ್ಕೆ. ಓಣಿಯ ಗಟಾರ ಎಲ್ಲರದೂ ಒಂದೇ, ನಿನ್ನ ಮನೆಯ ಚಹಾಪುಡಿ ನನ್ನ ಮನೆಯ ಮುಂದೆ ಬಂದು ಕೂಡುತ್ತದೆ ಎನ್ನುವುದು ಆಕೆಯ ವಾದ. ಅದು ನಿಜವೂ ಆಗಿತ್ತು. ಓಣಿ ಆಕೆಯ ಮನೆಯ ಕಡೆಗೆ ಇಳಿಜಾರು. ನಮ್ಮೆಲ್ಲರ ಸ್ನಾನ, ನಮ್ಮೆಲ್ಲರ ಬಟ್ಟೆ, ನಮ್ಮೆಲ್ಲರ ಕೂದಲು ಆಕೆಯ ಬಾಗಿಲನ್ನು ದಾಟಿಯೇ ಮುಂದೆ ಹೋಗಬೇಕು.

ಕೊನೆಗೆ ಗಾರೆ ಕೆಲಸದ ಗೌಂಡಿಯನ್ನು ಕರೆಸಿ ಬಚ್ಚಲು ಅಗೆಸಿದಳು. ಹಳೆಯ ಮಣ್ಣಿನ ಕೊಳವೆಯಿಂದ ಹಗ್ಗದಂತೆ ಹೆಣೆದುಕೊಂಡ ಕೂದಲು ಹೊರಗೆ ಬಂತು. ನೋಡಲು ಓಣಿಯ ಹೆಂಗಸರೆಲ್ಲ ಹೋದೆವು. ಒಬ್ಬಾಕೆ, ಇದನ್ನು ತೊಳೆದು ಕೊಟ್ಟರೆ ವ್ಯಾಪಾರಿ ತಗೋತಾನೆ ಎಂದಳು, ನಕ್ಕೆವು. ಅಕ್ಕನೂ ನಕ್ಕಳು. ಹೊಸ ಪ್ಲಾಸ್ಟಿಕ್ ಪೈಪು ಹಾಕಿಸಿ, ಹೊಸ ಕಲ್ಲು ಕೂಡಿಸಿದಳು. ಮೊದಲ ತಂಬಿಗೆ ನೀರು ಹಾಕಿದಾಗ ಸಪ್ಪಳವಿಲ್ಲದೆ ಇಳಿಯಿತು. ಎರಡನೆಯದೂ ಇಳಿಯಿತು. ಆ ವಾರ ಯಾರು ಬಂದರೂ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ನೀರು ಹಾಕಿ ತೋರಿಸುತ್ತಿದ್ದಳು.

ಆ ದಿನಗಳಲ್ಲೇ ಓಣಿಯ ಹೆಂಗಸರೆಲ್ಲ ಟಂಟಂ ಗಾಡಿ ಮಾಡಿಕೊಂಡು ಹನುಮನಹಳ್ಳಿಗೆ, ಅಂಜನಾದ್ರಿ ಬೆಟ್ಟಕ್ಕೆ ಹೋಗಿದ್ದೆವು. ನಾವು ಹತ್ತಿ ಇಳಿದು ಬಂದರೂ ಅಕ್ಕ ಕೆಳಗೇ ಇದ್ದಳು. ಹುಡುಕಿದರೆ ಊಟದ ಹೋಟೆಲಿನ ಹಿಂದೆ ನಿಂತಿದ್ದಳು. ಅಲ್ಲಿ ಪಾತ್ರೆ ತೊಳೆದ ನೀರು ಪೈಪಿನಿಂದ ಬಾಳೆ ತೋಟಕ್ಕೆ ಬೀಳುತ್ತಿತ್ತು, ಅದನ್ನೇ ನೋಡುತ್ತಿದ್ದಳು. ಜನ ಹನುಮಪ್ಪನನ್ನು ನೋಡಲು ಬರುತ್ತಾರೆ, ನೀನು ಬಚ್ಚಲು ನೋಡಲು ಬಂದೆಯಾ ಎಂದು ಎಲ್ಲರೂ ಕಾಡಿಸಿದರು.

"ಹನುಮಪ್ಪ ಎಲ್ಲೂ ಹೋಗಂಗಿಲ್ಲ ಬಿಡ್ರವಾ," ಅಂದಳು. "ಇಂಥಾ ಇಳಿಜಾರು ನಮ್ಮ ಓಣ್ಯಾಗ ಎಲ್ಲಿ ಸಿಗಬೇಕು?"

ಈಗ ಒಂದು ತಪ್ಪಿನ ವಿಷಯ ಬರೆಯಬೇಕು. ಅದು ಆಕೆ ಒಬ್ಬಳ ತಪ್ಪಲ್ಲ. ನಾವು ಯಾರಿದ್ದರೂ ಹಾಗೆಯೇ ಮಾಡುತ್ತಿದ್ದೆವು.

ಅದು ಬೇಸಿಗೆ. ನಳ ದಿನಾ ಬಿಡುತ್ತಿರಲಿಲ್ಲ. ಒಮ್ಮೆ ಬಿಟ್ಟರೆ ಮತ್ತೆ ಎಷ್ಟೋ ದಿನ ಕಾಯಬೇಕು. ನಳವಿಲ್ಲದ ದಿನ ಓಣಿಯ ಜನ ಬೊಗಸೆ ನೀರಿನಲ್ಲಿ ಮುಖ ತೊಳೆದು ದಿನ ಕಳೆಯುತ್ತಿದ್ದೆವು, ಗಟಾರ ಒಣಗಿ ಬಿರುಕು ಬಿಡುತ್ತಿತ್ತು. ಅಕ್ಕನ ಹೊಸ ಬಚ್ಚಲು ಸರಾಗವಾಗಿ ಹರಿದದ್ದು ಆ ದಿನಗಳಲ್ಲಿ. ಆದರೆ ಬೀಗರನ್ನು ಕರೆಯುವುದು ಯಾವಾಗ? ಮನೆಯಲ್ಲಿ ನೀರಿದ್ದಾಗ. ನೆಂಟರನ್ನು ನಳ ಬಿಡುವ ದಿನ ನೋಡಿಯೇ ಕರೆಯುವುದು ನಮ್ಮ ಓಣಿಯ ಪದ್ಧತಿ, ಈಗಲೂ ಹಾಗೆಯೇ. ಅಕ್ಕ ನಳದವನನ್ನು ಕೇಳಿ, ಬರುವ ದಿನ ಗೊತ್ತು ಮಾಡಿ, ಕುಷ್ಟಗಿಗೆ ಫೋನ್ ಮಾಡಿಸಿದಳು.

ಹಿಂದಿನ ದಿನ ಮನೆಮನೆಗೆ ಬಂದಳು. ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ:

"ನಾಳೆ ಒಂದ ದಿನ ಕೂದಲಾ ತೊಳೀಬ್ಯಾಡ್ರಿ ತಂಗಿ. ನನ್ನ ಮಗಳು ಬರೋದು ಬಿಡೋದು ನಿಮ್ಮ ಕೈಯಾಗ ಐತಿ."

ಯಾರೂ ತೊಳೆಯಲಿಲ್ಲ. ಇದನ್ನು ನಾನು ಒತ್ತಿ ಬರೆಯುತ್ತೇನೆ. ಮಾಲು ಕೇಳಲು ಬಂದ ವ್ಯಾಪಾರಿಯ ಹತ್ತಿರ ಬೈಸಿಕೊಂಡರೂ ಆ ದಿನ ಇಡೀ ಓಣಿಯಲ್ಲಿ ಒಂದು ಎಳೆ ಕೂದಲು ನೀರಿಗೆ ಬೀಳಲಿಲ್ಲ.

ಬೀಗತಿ ಬೆಳಗಿನ ಬಸ್ಸಿಗೆ ಬಂದರು. ಅಕ್ಕ ಚಹಾ ಕೊಟ್ಟು, ಹಂಡೆಯ ತುಂಬ ನೀರು ಕಾಯಿಸಿ, ನೀವೇ ಎರೆದುಕೊಂಡು ನೋಡಿರಿ ಎಂದು ಹೊಸ ಟವೆಲು ಕೊಟ್ಟು ಒಳಗೆ ಕಳಿಸಿದಳು. ನಾವು ಇಬ್ಬರು ಮೂವರು ಹೆಂಗಸರು ಬಾಗಿಲಲ್ಲಿ ನಿಂತಿದ್ದೆವು. ಹೊರಗೆ ಓಣಿಯ ಎಲ್ಲ ಮನೆಗಳಲ್ಲಿ ನಳ ಬಂದಿತ್ತು. ಎಷ್ಟೋ ದಿನದ ಬಟ್ಟೆ ಒಗೆಯುತ್ತಿದ್ದರು, ತಲೆ ಎರೆದುಕೊಳ್ಳುತ್ತಿದ್ದರು, ಅಂಗಳಕ್ಕೆ ನೀರು ಹಾಕುತ್ತಿದ್ದರು, ಎಮ್ಮೆ ತೊಳೆಯುತ್ತಿದ್ದರು. ಗಟಾರ ಅಂಚಿನವರೆಗೆ ತುಂಬಿ ಹರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಬೀಗತಿ ಒಳಗಿನಿಂದ ಅಕ್ಕನನ್ನು ಕರೆದರು. ಬಚ್ಚಲು ತುಂಬಿ, ಕಟ್ಟೆ ದಾಟಿ, ನೀರು ಪಡಸಾಲೆಗೆ ಬರುತ್ತಿತ್ತು.

ಅಕ್ಕ ತಂತಿ ಹಿಡಿದು ಕುಕ್ಕರಗಾಲಲ್ಲಿ ಕುಳಿತಳು. ತಂತಿ ಸರಾಗವಾಗಿ ಒಳಗೆ ಹೋಯಿತು, ಸರಾಗವಾಗಿ ಹೊರಗೆ ಬಂತು. ಕೊಕ್ಕೆಗೆ ಏನೂ ಸಿಕ್ಕಿರಲಿಲ್ಲ. ನೀರನ್ನು ಬೊಗಸೆಯಲ್ಲಿ ಎತ್ತಿ ನೋಡಿದಳು. ಬರೀ ಸೋಪಿನ ನೀರು. ಅದರಲ್ಲಿ ಒಂದೂ ಕೂದಲಿರಲಿಲ್ಲ.

ಗೌಂಡಿಯನ್ನು ಮತ್ತೆ ಕರೆಸಿದರು. ಅವನು ಒಳಗೆ ಕೂಡ ಬರಲಿಲ್ಲ. ರಸ್ತೆಯ ಮೇಲೆ ನಿಂತು ಗಟಾರ ನೋಡಿದ, ಹೊಸ್ತಿಲು ನೋಡಿದ.

"ಪೈಪಿಂದೇನೂ ತಪ್ಪಿಲ್ಲವಾ. ರೋಡು ಮ್ಯಾಲೆ ಬಂದೈತಿ, ನಿಮ್ಮ ಮನಿ ತೆಗ್ಗಿಗೆ ಹೋಗೇತಿ. ಗಟಾರದ ನೀರ ನಿಮ್ಮ ಬಚ್ಚಲಕ್ಕಿಂತ ಎತ್ತರ ಐತಿ. ಅದು ತುಂಬಿದಾಗ ಇದು ಎಲ್ಲಿಗೆ ಹೋಗಬೇಕು?"

ಗಟಾರ ತುಂಬುವ ದಿನವನ್ನೇ ನೋಡಿ ಬೀಗತಿಯನ್ನು ಕರೆದದ್ದು ಆಗ ನಮಗೆ ತಿಳಿಯಿತು, ರಸ್ತೆ ಏರಿದ್ದೂ ಆಗಲೇ ಕಣ್ಣಿಗೆ ಬಿತ್ತು. ನಾನು ಮದುವೆಯಾಗಿ ಬಂದಾಗ ಅಕ್ಕನ ಮನೆಗೆ ಮೆಟ್ಟಿಲು ಹತ್ತಿ ಹೋಗುತ್ತಿದ್ದೆ. ಓಣಿಗೆ ಸಿಮೆಂಟು ಹಾಕಿದರು, ಅದು ಒಡೆದ ಮೇಲೆ ಅದರ ಮೇಲೆಯೇ ಇನ್ನೊಂದು ಪದರ ಹಾಕಿದರು, ಗಟಾರವನ್ನು ಅದರ ಸಮಕ್ಕೆ ಎತ್ತಿ ಕಟ್ಟಿದರು. ಪ್ರತಿ ಸಲ ರಸ್ತೆ ಬಂದಾಗ ನಾವೆಲ್ಲ ಖುಷಿಪಟ್ಟಿದ್ದೆವು, ಅಕ್ಕ ಕೆಲಸದವರಿಗೆ ಚಹಾ ಮಾಡಿ ಕೊಟ್ಟಿದ್ದಳು. ಮೆಟ್ಟಿಲುಗಳು ಒಂದೊಂದಾಗಿ ಸಿಮೆಂಟಿನೊಳಗೆ ಹೋದವು. ಯಾವಾಗಿನಿಂದ ಆ ಮನೆಗೆ ಇಳಿದು ಹೋಗತೊಡಗಿದೆವೋ ನಮಗೆ ಗೊತ್ತೇ ಆಗಲಿಲ್ಲ.

ಬೀಗತಿಯನ್ನು ಕೆಟ್ಟವರೆಂದು ತಿಳಿಯಬೇಡಿ. ಒದ್ದೆ ಸೀರೆಯಲ್ಲೇ ಅಕ್ಕನ ಕೈ ಹಿಡಿದು ಕೂತರು. ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ:

"ನಿಮ್ಮ ಮಗಳು ನನ್ನ ಮಗಳಿದ್ದಂಗರಿ. ಆದ್ರ ಹಸಿ ಬಾಣಂತೀನ ಈ ನೀರಾಗ ನಿಲ್ಲಸಾಕ ನನಗ ಮನಸ ಬರಂಗಿಲ್ಲ. ನಿಮಗರ ಬರತೈತೇನು?"

ಅಕ್ಕ ಎದ್ದು ಬೀಗತಿಗೆ ಉಡಲು ತನ್ನ ಒಣ ಸೀರೆ ತಂದು ಕೊಟ್ಟಳು.

ಆಮೇಲೆ ಆಕೆ ರಸ್ತೆಯ ಗುತ್ತಿಗೆದಾರನನ್ನು ಹುಡುಕಿ ಹೋದಳು, ಓಣಿಯ ಹಿರಿಯರನ್ನು ಕರೆದುಕೊಂಡು ಪಂಚಾಯತಿ ಕಚೇರಿಗೆ ಹೋದಳು. ಕಚೇರಿಯವರು ಬಂದರು, ನೋಡಿದರು, ಮನೆಯ ನೆಲ ಎತ್ತರಿಸಿಕೊಳ್ಳಿ ಎಂದರು. ನೆಲ ಎತ್ತರಿಸಿದರೆ ಮಾಳಿಗೆಯ ತೊಲೆ ತಲೆಗೆ ಬಡಿಯುತ್ತಿತ್ತು. ಮಾಳಿಗೆ ಬಿಚ್ಚಿ ಎತ್ತರಿಸುವುದು ರೊಟ್ಟಿ ಬಡಿಯುವವಳ ಕೈಯಲ್ಲಿ ಆಗುವ ಮಾತಲ್ಲ. ಬಚ್ಚಲನ್ನು ಮಾತ್ರ ಎತ್ತರಿಸಿದಳು. ಆಗ ಅದು ಪಡಸಾಲೆಗಿಂತ ಮೇಲಾಗಿ, ತುಂಬಿದ ನೀರೆಲ್ಲ ಮಲಗುವ ಜಾಗಕ್ಕೆ ಬಂತು. ಮತ್ತೆ ಒಡೆಸಿದಳು. ಅಷ್ಟರಲ್ಲಿ ದಿನ ತುಂಬಿ ಮಗಳಿಗೆ ಗಂಡನ ಮನೆಯಲ್ಲಿಯೇ ಹೆರಿಗೆಯಾಯಿತು. ಹೆಣ್ಣು ಮಗು.

ಅಕ್ಕ ತೊಟ್ಟಿಲ ಕಾರ್ಯಕ್ಕೆ ಹೋಗಿ ಬಂದಳು. ಬಂದ ಮಾರನೆಯ ದಿನ ನಮ್ಮ ಹಿತ್ತಲ ಕಟ್ಟೆಯ ಮೇಲೆ ಕುಳಿತು ಹೇಳಿದಳು. ಮಗು ಯಾರ ಹಾಗಿದೆ ಎಂದು ನಾನು ಕೇಳಿದೆ. ಅದನ್ನು ಬಿಟ್ಟು ಆಕೆ ಬೇರೆಯದೇ ಹೇಳಿದಳು. ಮಗಳಿಗೆ ಅವಳ ಅತ್ತೆ ಎರೆಯುತ್ತಿದ್ದರಂತೆ, ಅಕ್ಕ ಬಾಗಿಲ ಹತ್ತಿರ ನೆಂಟರ ಹಾಗೆ ಕುಳಿತಿದ್ದಳಂತೆ. ನಾನೂ ಒಂದು ತಂಬಿಗೆ ಹಾಕುತ್ತೇನೆ ಎಂದು ಕೇಳಲು ನಾಚಿಕೆಯಾಯಿತಂತೆ.

"ನೀರ ಹೆಂಗ ಹೋಗತಾವು ಅಂತೀ ತಂಗಿ ಅಲ್ಲಿ. ಹಂಡೆಗಟ್ಟಲೆ ಹಾಕಿದ್ರೂ ಸಪ್ಪಳ ಇಲ್ಲ. ಸೀದಾ ಬಾಳಿಗಿಡಕ್ಕ. ನನ್ನ ಮಗಳು ಕಣ್ಣ ಮುಚ್ಚಿ ಆರಾಮ ಕುಂತಿದ್ದಳು."

ಇಷ್ಟು ಹೇಳಿ ಎದ್ದು ಹೋದಳು. ಅತ್ತಳೇನೋ ಗೊತ್ತಿಲ್ಲ. ನಾನು ಹಿಂದೆ ಹೋಗಲಿಲ್ಲ.

ಬಾಣಂತನ ತಪ್ಪಿದ್ದಷ್ಟೇ ಆಗಿದ್ದರೆ ಹೇಗೋ ಮರೆಯುತ್ತಿದ್ದಳು. ಮಗಳು ಆಮೇಲೂ ಆ ಮನೆಯಲ್ಲಿ ಉಳಿಯಲಿಲ್ಲ. ಹಬ್ಬಕ್ಕೆ ಬೆಳಿಗ್ಗೆ ಬಂದರೆ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಿದ್ದಳು. ಉಣ್ಣುತ್ತಿದ್ದಳು, ಆದರೆ ಊಟದ ಜೊತೆ ನೀರು ಕುಡಿಯುತ್ತಿರಲಿಲ್ಲ. ಯಾಕೆಂದು ಅಕ್ಕನಿಗೆ ಬಹಳ ದಿನ ತಿಳಿಯಲಿಲ್ಲ. ತಿಳಿದ ದಿನ ನನ್ನ ಹತ್ತಿರ ಬಂದು, ಬಚ್ಚಲಿಗೆ ಹೋಗಬೇಕಾಗುತ್ತದೆಂದು ನನ್ನ ಮಗಳು ನನ್ನ ಮನೆಯಲ್ಲಿ ನೀರು ಕುಡಿಯುವುದಿಲ್ಲ ಎಂದು, ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದಳು. ನಿಮ್ಮ ಅಜ್ಜ ಆಗ ಇದ್ದರು. ಮಗಳು ಬಂದಾಗ ನಮ್ಮ ಮನೆಯ ಬಚ್ಚಲು ಬಳಸಲಿ ಎಂದು ಅವರೇ ಹೇಳಿದರು. ಅದಕ್ಕೆ ಅಕ್ಕ ಕೈ ಮುಗಿದಳು, ಆದರೆ ಕಳಿಸಲಿಲ್ಲ.

ನೀವು ಕಂಡ ತಂತಿ ಅಜ್ಜಿ ಇದಾದ ಮೇಲಿನವಳು. ಪೈಪಿನದು ತಪ್ಪಿಲ್ಲವೆಂದು, ಕೂದಲಿನದು ತಪ್ಪಿಲ್ಲವೆಂದು ತಿಳಿದ ಮೇಲೂ ಆಕೆ ತಂತಿ ಬಿಡಲಿಲ್ಲ. ನಳ ಬಂದ ದಿನ ಗಟಾರದ ದಂಡೆಯಲ್ಲಿ ಕುಳಿತು ತೇಲಿ ಬರುವ ಶಾಂಪೂ ಪ್ಯಾಕೆಟ್ಟು, ಬಟ್ಟೆ ಚೂರು, ತೆಂಗಿನ ನಾರು, ಕೂದಲು ಎತ್ತಿ ಎತ್ತಿ ಹಾಕುತ್ತಿದ್ದಳು. ಬೆರಳ ಸಂದಿಗಳು ಹುಣ್ಣಾಗಿದ್ದವು. ಯಾಕಕ್ಕಾ, ಬಿಡು, ಎಂದರೆ, ಕೈ ಸುಮ್ಮನಿದ್ದರೆ ತಲೆ ಕೆಡುತ್ತದೆ ಎನ್ನುತ್ತಿದ್ದಳು. ಹುಡುಗರು ನಗುತ್ತಿದ್ದರು. ಶರಣು, ನೀನೂ ನಕ್ಕಿದ್ದೀಯ. ನಿನಗೆ ಗೊತ್ತಿರಲಿಲ್ಲ.

ಹೋದ ವರ್ಷದ ಮಳೆಗಾಲದಲ್ಲಿ ಅಕ್ಕನಿಗೆ ಜ್ವರ ಬಂತು, ಏಳಲಿಲ್ಲ. ಮಗಳು ಬಂದಳು, ಬೀಗರು ಬಂದರು. ಹೆಣಕ್ಕೆ ನೀರೆರೆಯಬೇಕು. ಒಳಗೆ ಎರೆದರೆ ನೀರು ಹೋಗುವುದಿಲ್ಲ, ನಿಂತ ನೀರಿನಲ್ಲಿ ಹೆಣ ಇಡಬಾರದು ಎಂದು ಹಿರಿಯರು ರಸ್ತೆಯ ಮೇಲೆ ಹಲಗೆ ಹಾಕಿಸಿದರು. ಸುತ್ತಲೂ ಸೀರೆ ಹಿಡಿದು ಮರೆ ಮಾಡಿ ನಿಂತೆವು. ಮಗಳು ಎರೆದಳು. ಒಂದು ಕೊಡ, ಮತ್ತೊಂದು ಕೊಡ, ಎಲ್ಲಿಯೂ ನಿಲ್ಲದೆ ಸಿಮೆಂಟಿನ ಮೇಲಿಂದ ಗಟಾರಕ್ಕೆ ಇಳಿಯಿತು. ಗಟಾರದಿಂದ ಎಲ್ಲಿಗೆ ಹೋಯಿತೆಂದು ನಾನು ನೋಡಲಿಲ್ಲ.

ನನ್ನ ಪಕ್ಕದಲ್ಲಿ ಸೀರೆಯ ಇನ್ನೊಂದು ತುದಿ ಹಿಡಿದು ಅಕ್ಕನ ಮೊಮ್ಮಗಳು ನಿಂತಿದ್ದಳು. ಸಹನಾ, ಅವಳು ನಿನ್ನ ವಯಸ್ಸಿನವಳು. ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದಳು:

"ಅಜ್ಜಿ, ನಮ್ಮ ಈ ಅಜ್ಜಿ ಭಾಳ ಹೊಲಸ ಇದ್ದಳಂತ, ಹೌದೇನ್ರಿ? ಅದಕ್ಕ ಅವ್ವ ಬಾಣಂತನಕ್ಕ ಇಲ್ಲಿಗೆ ಬರಲಿಲ್ಲಂತ."

ಯಾರು ಹೇಳಿದರೋ. ಬೀಗತಿ ಹೇಳಿರಲಾರರು. ಮಾತು ಮನೆಯೊಳಗೆ ಉರುಳುತ್ತ ಉರುಳುತ್ತ ಮಕ್ಕಳ ಕಿವಿಗೆ ಬರುವ ಹೊತ್ತಿಗೆ ಅಷ್ಟೇ ಉಳಿದಿರುತ್ತದೆ. ನಮ್ಮ ಸುತ್ತ ನಿಂತ ಹೆಂಗಸರೆಲ್ಲ ಕೇಳಿಸಿಕೊಂಡರು. ಆಕೆಯ ಮಗಳೂ ಕೇಳಿಸಿಕೊಂಡಳು, ಕೊಡ ಹಿಡಿದ ಕೈ ಒಮ್ಮೆ ನಿಂತು ಮತ್ತೆ ಎರೆಯಿತು. ಒಬ್ಬರ ಬಾಯಲ್ಲೂ ಮಾತು ಬರಲಿಲ್ಲ. ನನ್ನ ಬಾಯಲ್ಲಂತೂ ಎಂದೂ ಬಂದದ್ದಿಲ್ಲ. ಅಷ್ಟರಲ್ಲಿ ಸೀರೆ ಸರಿಸಿ ಹೆಣ ಎತ್ತಿದರು, ಆ ಹುಡುಗಿ ತಾಯಿಯ ಹಿಂದೆ ಹೋದಳು.

ಆ ಹುಡುಗಿಗೆ ಕೊಡಬೇಕಾದ ಉತ್ತರ ಇದು. ಹೊಲಸು ಆಕೆಯದಾಗಿರಲಿಲ್ಲ. ನಮ್ಮ ಇಡೀ ಓಣಿ ತೊಳೆದುಕೊಂಡದ್ದು ಆಕೆಯ ಮನೆಯೊಳಗೆ ಹೋಯಿತು, ಅದನ್ನು ಆಕೆ ಒಬ್ಬಳೇ ಕೈಯಲ್ಲಿ ಎತ್ತಿ ಹಾಕಿದಳು. ಮಗಳಿಗೆ ಎರೆಯಲು ಒಡೆಸಿಟ್ಟ ಬೇವಿನ ಕಟ್ಟಿಗೆಯನ್ನು ಹುಳು ಹಿಡಿಯುವವರೆಗೂ ಒಲೆಗೆ ಹಾಕಲಿಲ್ಲ. ಕುಷ್ಟಗಿ ಕಡೆಯವರ ಮನೆಗೆ ಹೋಗಿ ಇದನ್ನು ಹೇಳುವ ಧೈರ್ಯ ನನಗಿಲ್ಲ, ಇನ್ನು ಬರುವಂತೆಯೂ ಇಲ್ಲ. ಎಂದಾದರೂ ಅವಳು ದೊಡ್ಡವಳಾಗಿ ಈ ಓಣಿಗೆ ಬಂದು ಬೀಗ ಹಾಕಿದ ಮನೆಯ ಮುಂದೆ ನಿಂತರೆ, ಈ ಉತ್ತರ ನೀವು ಕೊಡಿ.

ರಸ್ತೆಯನ್ನು ಮತ್ತೆ ಮಾಡುತ್ತಾರಂತೆ, ಅಳತೆ ಮಾಡಿಕೊಂಡು ಹೋಗಿದ್ದಾರೆ. ಈ ಸಲದ ಪದರ ಬಂದರೆ ನಮ್ಮ ಮನೆಯೂ ರಸ್ತೆಗಿಂತ ಕೆಳಗಾಗುತ್ತದೆ. ನಿಮ್ಮ ಅಪ್ಪನಿಗೆ ಹೇಳಿದ್ದೇನೆ, ನೋಡೋಣ ಎಂದಿದ್ದಾನೆ. ಅದಕ್ಕೇ ಈ ಹಾಳೆಗಳನ್ನು ಇಲ್ಲಿ ಬಿಡಬೇಡಿ, ಗಂಗಾವತಿಗೆ ಒಯ್ಯಿರಿ. ಮಂಚದ ಕೆಳಗಿನ ಟ್ರಂಕಿನಲ್ಲಿ ಬೇಡ, ಗೋಡೆಯ ಮೇಲಿನ ಹಲಗೆಯಲ್ಲಿ, ನೀರು ಮುಟ್ಟದ ಕಡೆ ಜೋಪಾನವಾಗಿಡಿ.

ನಿಮ್ಮ ಅಜ್ಜಿ